ಕೇಳಿದ ಕೃತಿಯ ಕಾಲವಾವುದು?

ಬಂಡೆಯ ಪದರದಲ್ಲಿ ಹುದುಗಿರುವ ಜೀವಾವಶೇಷವನ್ನು ಕಂಡು ಆ ಪದರವು ಯಾವ ಯುಗಕ್ಕೆ ಸೇರಿದ್ದೆಂದು ಭೂವಿಜ್ಞಾನಿಯು ಹೇಳಬಲ್ಲನು. ಕಾಲದ ಉಲ್ಲೇಖವಿಲ್ಲದ ಶಾಸನದ ಶತಮಾನವನ್ನು ಅಕ್ಷರಗಳ ಆಕಾರದಿಂದಲೇ ಲಿಪಿತಜ್ಞನು ನಿರ್ಧರಿಸುತ್ತಾನೆ. ಹಾಗೆಯೇ, ಕರ್ತೃವಿನ ಹೆಸರಾಗಲಿ ರಚನೆಯ ವರ್ಷವಾಗಲಿ ತಿಳಿಯದ ಸಂಗೀತಕೃತಿಯೊಂದನ್ನು ಕೇಳಿ, ಅದು ಯಾವ ಕಾಲದ್ದೆಂದು ಹೇಳುವುದು ಸಾಧ್ಯವೇ? ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮಟ್ಟಿಗೆ ಇದು ಬಹಳವಾಗಿ ಸಾಧ್ಯ. ಅದಕ್ಕೆ ದೊಡ್ಡ ಸಂಗೀತಪಾಂಡಿತ್ಯ ಬೇಕಾಗಿಲ್ಲ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ತೋರುವ ಎಚ್ಚರಿಕೆಯ ಗಮನ, ದೊರೆತ ಸಾಕ್ಷ್ಯವನ್ನು ತೂಗಿನೋಡುವ ಅಭ್ಯಾಸ, ಇವೆರಡಿದ್ದರೆ ಸಾಕು.

ಬೀಥೋವನ್ ಒಂಬತ್ತು ಸಿಂಫನಿಗಳನ್ನು ರಚಿಸಿದನೆಂಬುದು ರಸಪ್ರಶ್ನೆಯ ಸ್ಪರ್ಧೆಗೆ ಸಿದ್ಧರಾಗುವ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಆದರೆ ಆ ಒಂಬತ್ತರಲ್ಲಿ ಒಂದನ್ನು ಹೆಸರು ಹೇಳದೆ ಕೇಳಿಸಿದರೆ, ಅದು ಬೀಥೋವನ್ನನದೋ ಅವನಿಗಿಂತ ಎರಡು ಮೂರು ತಲೆಮಾರು ಹಿಂದಿನ ಬಾಖನದೋ ಎಂದು ಹೇಳಬಲ್ಲವರು ವಿರಳ. ಪಟ್ಟಿಯನ್ನು ಬಾಯಿಪಾಠ ಮಾಡಿದವನು ಪರರ ಮಾತನ್ನು ನಂಬಿರುತ್ತಾನೆ. ಕಿವಿಯಿಂದ ಗುರುತಿಸಿದವನು ತಾನೇ ಪರೀಕ್ಷಿಸಿ ತಿಳಿದಿರುತ್ತಾನೆ. ಈ ಎರಡನೆಯ ಬಗೆಯ ತಿಳಿವಳಿಕೆಯನ್ನು ಪಡೆಯುವ ಮಾರ್ಗವೇ ಈ ಲೇಖನದ ವಿಷಯ.

ನಾಲ್ಕು ಪ್ರಶ್ನೆಗಳು

ನಮ್ಮ ಸಂಗೀತದಲ್ಲಿ ಪಳಗಿದ ಕಿವಿಗೆ ಮೊದಮೊದಲು ಒಂದು ತೊಡಕು ಎದುರಾಗುತ್ತದೆ. ತಂಬೂರಿಯ ಶ್ರುತಿಯ ಮೇಲೆ ರಾಗದ ಒಂದೇ ಎಳೆಯನ್ನು ಹಿಂಬಾಲಿಸಿ ಕೇಳುವುದು ನಮ್ಮ ರೂಢಿ. ಪಾಶ್ಚಾತ್ಯ ಸಂಗೀತದಲ್ಲಿ ಬೇರೆ ಬೇರೆ ಸ್ವರಗಳು ಏಕಕಾಲದಲ್ಲಿ ನುಡಿಯುತ್ತವೆ. ಆಧಾರಷಡ್ಜವೇ ಕೃತಿಯ ನಡುವೆ ಸ್ಥಾನವನ್ನು ಬದಲಿಸುತ್ತದೆ. ಆದುದರಿಂದ ಒಂದೇ ಎಳೆಯನ್ನು ಹುಡುಕುವವನಿಗೆ ಅದು ಗದ್ದಲವಾಗಿ ಕೇಳುತ್ತದೆ. ಎಲ್ಲ ಕೃತಿಗಳೂ ಒಂದೇ ತೆರನಾಗಿ ತೋರುತ್ತವೆ. ಎಲ್ಲವನ್ನೂ ಒಮ್ಮೆಲೇ ಗ್ರಹಿಸಲು ಹೆಣಗದೆ, ಈ ನಾಲ್ಕು ಪ್ರಶ್ನೆಗಳನ್ನು ಒಂದಾದ ಮೇಲೊಂದರಂತೆ ಹಾಕಿಕೊಂಡರೆ ತೊಡಕು ಬಿಡಿಸಿಕೊಳ್ಳುತ್ತದೆ:

೧. ಏಕಕಾಲದಲ್ಲಿ ಎಷ್ಟು ಎಳೆಗಳು ಸಾಗುತ್ತಿವೆ? ಅವೆಲ್ಲವೂ ಸಮಾನವೇ, ಅಥವಾ ಒಂದು ಮುಖ್ಯವಾಗಿದ್ದು ಉಳಿದವು ಪಕ್ಕವಾದ್ಯಗಳಂತೆ ಇವೆಯೇ?

೨. ಯಾವ ಯಾವ ವಾದ್ಯಗಳು ಕೇಳುತ್ತಿವೆ? ಅವು ಏನನ್ನು ನುಡಿಸುತ್ತಿವೆ?

೩. ನಾದದ ಪ್ರಾಬಲ್ಯವು ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತದೆಯೇ, ಇಳಿಜಾರಿನಂತೆ ಕ್ರಮಕ್ರಮವಾಗಿ ಬದಲಾಗುತ್ತದೆಯೇ?

೪. ಷಡ್ಜ ಎಲ್ಲಿದೆ? ಕೃತಿಯು ಅದನ್ನು ಬಿಟ್ಟು ಎಷ್ಟು ದೂರ ಹೋಗಿ ಹಿಂದಿರುಗುತ್ತದೆ?

ಈ ಪ್ರಶ್ನೆಗಳ ಉತ್ತರ ಶತಮಾನದಿಂದ ಶತಮಾನಕ್ಕೆ ಬದಲಾಗುತ್ತ ಬಂದಿದೆ. ಜನರ ಅಭಿರುಚಿ ಬದಲಾದದ್ದು ಇದಕ್ಕೆ ಒಂದು ಕಾರಣ; ವಾದ್ಯಗಳ ರಚನೆ ಬದಲಾದದ್ದು ಇನ್ನೊಂದು. ಈ ಎರಡನೆಯ ಕಾರಣವು ಭೌತವಿಜ್ಞಾನದ ವಿದ್ಯಾರ್ಥಿಗೆ ವಿಶೇಷವಾಗಿ ಸ್ವಾರಸ್ಯಕರವಾದುದು.

ಒಂದು ಎಳೆಯಿಂದ ನಲವತ್ತು ಎಳೆಗಳಿಗೆ

ಮಧ್ಯಯುಗದ ಕ್ರೈಸ್ತ ಮಠಗಳಲ್ಲಿ ಸಂನ್ಯಾಸಿಗಳು ಹಾಡುತ್ತಿದ್ದ ಗ್ರೆಗೋರಿಯನ್ ಗಾನವನ್ನು ಗುರುತಿಸುವುದು ಎಲ್ಲಕ್ಕಿಂತ ಸುಲಭ. ಅದರಲ್ಲಿ ಇರುವುದು ಒಂದೇ ಎಳೆ. ವಾದ್ಯವಿಲ್ಲ, ತಾಳದ ಪೆಟ್ಟಿಲ್ಲ. ಮಾತಿನ ಗತಿಯೇ ಹಾಡಿನ ಗತಿ. ೧೧ನೆಯ ಶತಮಾನದಲ್ಲಿ ಇಟಲಿಯ ಗೀದೋ ಎಂಬ ಸಂನ್ಯಾಸಿಯು ಗೆರೆಗಳ ಮೇಲೆ ಸ್ವರಗಳನ್ನು ಗುರುತಿಸುವ ಪದ್ಧತಿಯನ್ನು ವ್ಯವಸ್ಥೆಗೊಳಿಸಿದನು. ಹಲವು ಎಳೆಗಳನ್ನು ನಿಖರವಾಗಿ ಜೋಡಿಸಿ ಬರೆದಿಡುವುದಕ್ಕೆ ಮುಂದೆ ಇದು ತಳಹದಿಯಾಯಿತು.

ಪ್ಯಾರಿಸ್ಸಿನ ನೋಟರ್ ಡಾಮ್ ದೇವಾಲಯದ ಕಟ್ಟಡ ೧೧೬೩ರಲ್ಲಿ ಆರಂಭವಾಯಿತು. ಅಲ್ಲಿನ ಪೆರೋಟಿನ್ ಎಂಬವನು ಆ ಶತಮಾನದ ಕೊನೆಯಲ್ಲಿ ರಚಿಸಿದ ‘ವಿದೆರುಂತ್ ಓಮ್ನೆಸ್’ ಎಂಬ ಕೃತಿಯಲ್ಲಿ ನಾಲ್ಕು ಎಳೆಗಳಿವೆ. ಅತ್ಯಂತ ಕೆಳಗಿನ ಎಳೆಯು ಒಂದೊಂದು ಸ್ವರವನ್ನೂ ತಂಬೂರಿಯಂತೆ ದೀರ್ಘವಾಗಿ ಹಿಡಿದಿರುತ್ತದೆ. ಮೇಲಿನ ಮೂರು ಎಳೆಗಳು ಕುಣಿಯುವ ಲಯದಲ್ಲಿ ಸಾಗುತ್ತವೆ. ವಾಕ್ಯ ನಿಲ್ಲುವೆಡೆಯಲ್ಲಿ ಷಡ್ಜಪಂಚಮಗಳು ಮಾತ್ರ ಉಳಿಯುತ್ತವೆ. ಇವುಗಳ ಕಂಪನಸಂಖ್ಯೆಗಳ ಪ್ರಮಾಣ ೨:೩. ಗಾಂಧಾರದ ತುಂಬುವಿಕೆ ಇಲ್ಲದ ಈ ನಾದ ಸ್ವಲ್ಪ ಟೊಳ್ಳಾಗಿ, ಗಂಭೀರವಾಗಿ ಕೇಳುತ್ತದೆ. ಈ ಟೊಳ್ಳುನಾದವೇ ಮಧ್ಯಯುಗದ ಗುರುತು.

೧೫, ೧೬ನೆಯ ಶತಮಾನಗಳ ಪುನರುಜ್ಜೀವನ ಕಾಲಕ್ಕೆ ಬಂದರೆ ಗಾಂಧಾರವೂ ಸೇರಿ ನಾದ ಮೃದುವಾಗಿ ತುಂಬಿಕೊಳ್ಳುತ್ತದೆ. ಒಂದು ಕಂಠವು ಹಾಡಿದ ಪಲ್ಲವಿಯಂತಹ ತುಣುಕನ್ನು ಎರಡನೆಯದು ಕೆಲವು ಮಾತ್ರೆಗಳ ಬಳಿಕ ಎತ್ತಿಕೊಳ್ಳುತ್ತದೆ. ಅನಂತರ ಮೂರನೆಯದು, ಬಳಿಕ ನಾಲ್ಕನೆಯದು. ಎಲ್ಲ ಎಳೆಗಳೂ ಸಮಾನ. ಯಾವುದೂ ಇನ್ನೊಂದರ ಸೇವಕನಲ್ಲ. ಪ್ಯಾಲೆಸ್ಟ್ರೀನಾನ ‘ಪೋಪ್ ಮಾರ್ಸೆಲಸನ ಪೂಜಾಗೀತೆ’ (ಪ್ರಕಟಣೆ ೧೫೬೭) ಇದಕ್ಕೆ ಮಾದರಿ. ಸುಮಾರು ೧೫೭೦ರಲ್ಲಿ ಇಂಗ್ಲೆಂಡಿನ ಟಾಲಿಸ್ ರಚಿಸಿದ ‘ಸ್ಪೆಮ್ ಇನ್ ಅಲಿಯುಮ್’ ಕೃತಿಯಲ್ಲಿ ನಲವತ್ತು ಪ್ರತ್ಯೇಕ ಎಳೆಗಳಿವೆ. ದೊಡ್ಡ ಕಲ್ಲಿನ ದೇವಾಲಯದಲ್ಲಿ ಹೊರಟ ನಾದ ಹಲವು ಸೆಕೆಂಡುಗಳ ಕಾಲ ಗೋಡೆಯಿಂದ ಗೋಡೆಗೆ ಪ್ರತಿಫಲಿಸುತ್ತ ಉಳಿಯುತ್ತದೆ. ಒಂದು ಸ್ವರ ಅಡಗುವ ಮುನ್ನವೇ ಮುಂದಿನದು ಅದರ ಮೇಲೆ ಬೀಳುವಂತಹ ಸ್ಥಳದಲ್ಲಿ, ಹಠಾತ್ತಾದ ತಿರುವುಗಳಿಲ್ಲದ ಈ ನಿಧಾನದ ಹರಿವು ಚೆನ್ನಾಗಿ ಒಪ್ಪುತ್ತದೆ.

ಗರಿಯ ಮೊನೆ ಮತ್ತು ಎತ್ತರದ ಕಹಳೆ

ಸುಮಾರು ೧೬೦೦ರಿಂದ ೧೭೫೦ರವರೆಗಿನ ಕಾಲವನ್ನು ಬರೋಕ್ ಯುಗವೆನ್ನುತ್ತಾರೆ. ಮೊಂಟೆವೆರ್ಡಿಯ ಗೀತನಾಟಕ ‘ಓರ್ಫೆಯೋ’ (೧೬೦೭), ವಿವಾಲ್ಡಿಯ ‘ನಾಲ್ಕು ಋತುಗಳು’ (ಪ್ರಕಟಣೆ ೧೭೨೫), ೧೭೪೨ರಲ್ಲಿ ಡಬ್ಲಿನ್ನಿನಲ್ಲಿ ಮೊದಲು ಕೇಳಿಬಂದ ಹ್ಯಾಂಡೆಲನ ‘ಮೆಸಾಯ’, ಬಾಖನ ‘ಬ್ರಾಂಡೆನ್‌ಬರ್ಗ್’ ಕೃತಿಗಳು (೧೭೨೧), ಇವು ಈ ಯುಗದ ಮೈಲಿಗಲ್ಲುಗಳು. ಇವುಗಳನ್ನು ಕೇಳುವಾಗ ಪಿಟೀಲುಗಳ ಕೆಳಗೆ ಕಿಣಿಕಿಣಿಯೆಂದು ಬಿಡದೆ ನುಡಿಯುವ ಒಂದು ವಾದ್ಯದ ಕಡೆಗೆ ಗಮನವಿರಲಿ. ಅದೇ ಹಾರ್ಪ್ಸಿಕಾರ್ಡ್. ಚರ್ಚಿನ ಕೃತಿಗಳಲ್ಲಿ ಅದರ ಸ್ಥಾನವನ್ನು ಅನೇಕ ವೇಳೆ ಆರ್ಗನ್ ವಹಿಸುತ್ತದೆ.

ಹಾರ್ಪ್ಸಿಕಾರ್ಡಿನ ಮನೆಯನ್ನು ಒತ್ತಿದಾಗ ಒಂದು ಗರಿಯ ಮೊನೆಯು ತಂತಿಯನ್ನು ಮೀಟುತ್ತದೆ. ವೀಣೆಯಲ್ಲಿಯೂ ಮೀಟುವುದುಂಟು; ಆದರೆ ಅಲ್ಲಿ ತಂತಿಯನ್ನು ಎಷ್ಟು ಸೆಳೆಯಬೇಕೆಂಬುದು ಬೆರಳಿನ ಅಧೀನ. ಹಾರ್ಪ್ಸಿಕಾರ್ಡಿನಲ್ಲಿ ಗರಿಯು ಪ್ರತಿಸಲವೂ ತಂತಿಯನ್ನು ಹೆಚ್ಚುಕಡಮೆ ಒಂದೇ ದೂರ ಸೆಳೆದು ಜಾರಿಕೊಳ್ಳುತ್ತದೆ. ಹೀಗಾಗಿ ಕಂಪನದ ಪಾರವೂ ನಾದದ ಪ್ರಾಬಲ್ಯವೂ ಒಂದೇ ಸಮನಾಗಿರುತ್ತವೆ. ಬಲವಾಗಿ ಒತ್ತಿದರೆ ಪ್ರಯೋಜನವಿಲ್ಲ. ಪ್ರಾಬಲ್ಯ ಬದಲಾಗಬೇಕಾದರೆ ಇನ್ನೊಂದು ತಂತಿಯ ಸಾಲನ್ನು ಸೇರಿಸಬೇಕು, ಅಥವಾ ವಾದ್ಯವೃಂದದ ಒಂದು ಭಾಗ ನಿಂತು ಇನ್ನೊಂದು ಸೇರಬೇಕು. ಆದುದರಿಂದ ಬರೋಕ್ ಸಂಗೀತದಲ್ಲಿ ಏರಿಳಿತವು ಹೆಚ್ಚಾಗಿ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ. ಒಂದು ಭಾಗದಲ್ಲಿ ಹಿಡಿದ ಲಯವೂ ಭಾವವೂ ಆ ಭಾಗದ ಕೊನೆಯವರೆಗೆ ಕದಲುವುದಿಲ್ಲ.

ಕಹಳೆಯ ಸಾಕ್ಷ್ಯ ಇನ್ನೂ ಸ್ಪಷ್ಟವಾದುದು. ಅಂದಿನ ಟ್ರಂಪೆಟ್ ಹಾಗೂ ಹಾರ್ನುಗಳಿಗೆ ಕವಾಟಗಳಿರಲಿಲ್ಲ. ನಿಶ್ಚಿತ ಉದ್ದದ ಕೊಳವೆಯಿಂದ ಹೊರಡುವ ಸ್ವರಗಳ ಕಂಪನಸಂಖ್ಯೆಗಳು ಹೆಚ್ಚುಕಡಮೆ ೧, ೨, ೩, ೪, ೫, ೬... ಎಂಬ ಪ್ರಮಾಣದಲ್ಲಿ ಇರುತ್ತವೆ. ಶ್ರೇಣಿಯ ಕೆಳಭಾಗದಲ್ಲಿ ಸ್ವರಗಳು ದೂರ ದೂರ ಇರುವುದರಿಂದ ಅಲ್ಲಿ ರಾಗವನ್ನು ನುಡಿಸಲು ಬರುವುದಿಲ್ಲ. ೪, ೫, ೬ನೆಯವು ಷಡ್ಜ, ಅಂತರಗಾಂಧಾರ, ಪಂಚಮಗಳು. ೮ನೆಯದರಿಂದ ಮೇಲಕ್ಕೆ ಮಾತ್ರ ಸ್ವರಗಳು ಒತ್ತೊತ್ತಾಗಿ ದೊರೆಯುತ್ತವೆ. ಬರೋಕ್ ವಾದಕರು ಕಷ್ಟಪಟ್ಟು ಈ ಎತ್ತರದ ಭಾಗದಲ್ಲಿ ನುಡಿಸುವುದನ್ನು ಕಲಿತರು. ಎರಡನೆಯ ಬ್ರಾಂಡೆನ್‌ಬರ್ಗ್ ಕೃತಿಯಲ್ಲಿ ಪಿಟೀಲಿಗಿಂತಲೂ ಮೇಲೆ ಹಾರಾಡುವಂತೆ ಕೇಳುವ ಟ್ರಂಪೆಟ್ಟಿನ ಗುಟ್ಟು ಇದೇ.

ನಾಲ್ಕನೆಯ ಪ್ರಶ್ನೆಗೂ ಇಲ್ಲೊಂದು ಉತ್ತರವಿದೆ. ೩/೨ ಎಂಬ ಪಂಚಮದ ಪ್ರಮಾಣವನ್ನು ಹನ್ನೆರಡು ಸಲ ಗುಣಿಸಿದರೆ ೧೨೯.೭೫ ಬರುತ್ತದೆ, ಏಳು ಸ್ಥಾಯಿಗಳಿಗೆ ಬೇಕಾದುದು ೧೨೮. ಈ ಸಣ್ಣ ಅಂತರದಿಂದಾಗಿ, ಮನೆಗಳು ಸ್ಥಿರವಾಗಿರುವ ವಾದ್ಯದಲ್ಲಿ ಎಲ್ಲ ಪಂಚಮಗಳನ್ನೂ ಶುದ್ಧವಾಗಿಡುವುದು ಅಸಾಧ್ಯ. ಹಿಂದಿನ ಶ್ರುತಿಪದ್ಧತಿಗಳಲ್ಲಿ ಕೆಲವು ಷಡ್ಜಗಳು ಇಂಪಾಗಿಯೂ ಕೆಲವು ಕರ್ಕಶವಾಗಿಯೂ ಇರುತ್ತಿದ್ದವು. ದೋಷವನ್ನು ಹನ್ನೆರಡು ಸ್ವರಗಳಿಗೂ ಜಾಣತನದಿಂದ ಹಂಚಿದರೆ ಎಲ್ಲ ಷಡ್ಜಗಳೂ ಬಳಕೆಗೆ ಬರುತ್ತವೆಂಬುದನ್ನು ಬಾಖ್ ೧೭೨೨ರಲ್ಲಿ ಪೂರ್ಣಗೊಳಿಸಿದ, ಇಪ್ಪತ್ತನಾಲ್ಕು ಜೋಡಿ ರಚನೆಗಳ ಸಂಗ್ರಹದಿಂದ ತೋರಿಸಿಕೊಟ್ಟನು. ದೂರದ ಷಡ್ಜಗಳಿಗೆ ಹೋಗುವ ದಾರಿ ಹೀಗೆ ತೆರೆಯಿತು. ಆ ದಾರಿಯಲ್ಲಿ ಬಹುದೂರ ನಡೆದವರು ಮುಂದಿನ ಶತಮಾನದವರು.

ಸುತ್ತಿಗೆಯ ಸಂಗೀತ

ಇಟಲಿಯ ಕ್ರಿಸ್ಟೋಫೊರಿ ಎಂಬ ವಾದ್ಯಶಿಲ್ಪಿಯು ೧೭೦೦ರ ಹೊತ್ತಿಗೇ ಗರಿಯ ಬದಲು ಪುಟ್ಟ ಸುತ್ತಿಗೆಯಿಂದ ತಂತಿಯನ್ನು ಹೊಡೆಯುವ ವಾದ್ಯವನ್ನು ನಿರ್ಮಿಸಿದ್ದನು. ಸುತ್ತಿಗೆಯ ವೇಗವು ಬೆರಳಿನ ವೇಗವನ್ನು ಅನುಸರಿಸುವುದರಿಂದ ಮೆಲ್ಲಗೆ ಒತ್ತಿದರೆ ಮೃದುನಾದ, ಬಿರುಸಾಗಿ ಒತ್ತಿದರೆ ಪ್ರಬಲನಾದ ಹೊರಡುತ್ತದೆ. ಪಿಯಾನೋ ಎಂದು ಹೆಸರಾದ ಈ ವಾದ್ಯವು ೧೮ನೆಯ ಶತಮಾನದ ಉತ್ತರಾರ್ಧದಲ್ಲಿ ಹಾರ್ಪ್ಸಿಕಾರ್ಡಿನ ಸ್ಥಾನವನ್ನು ಆಕ್ರಮಿಸಿಕೊಂಡಿತು.

ಹೈಡನ್, ಮೊಜಾರ್ಟ್ ಹಾಗೂ ಬೀಥೋವನ್ನನ ಪೂರ್ವಾರ್ಧದ ಕಾಲವಾದ ಈ ಅಭಿಜಾತ ಯುಗದಲ್ಲಿ ಕಿಣಿಕಿಣಿನಾದ ಕ್ರಮೇಣ ಮಾಯವಾಗುತ್ತದೆ. ಒಂದು ಎಳೆ ಮುಖ್ಯವಾಗಿ, ಉಳಿದವು ಅದಕ್ಕೆ ಆಸರೆಯಾಗಿ ನಿಲ್ಲುತ್ತವೆ. ರಾಗದ ವಾಕ್ಯಗಳು ಚಿಕ್ಕವು. ಪ್ರಶ್ನೆ ಕೇಳಿ ಉತ್ತರ ಹೇಳಿದಂತೆ ಜೋಡಿ ಜೋಡಿಯಾಗಿ ಬರುತ್ತವೆ. ಮೌನಕ್ಕೂ ಬೆಲೆ ಬಂದಿದೆ. ಹೈಡನ್ನನ ೯೪ನೆಯ ಸಿಂಫನಿಯ (೧೭೯೧) ಎರಡನೆಯ ಭಾಗವನ್ನು ಕೇಳಿರಿ. ಮಕ್ಕಳ ಹಾಡಿನಂತಹ ಸರಳವಾದ ರಾಗವೊಂದು ಮೆಲ್ಲಗೆ ನಡೆದು, ಇನ್ನೂ ಮೆಲ್ಲಗಾಗಿ, ಇದ್ದಕ್ಕಿದ್ದಂತೆ ವಾದ್ಯವೃಂದವೆಲ್ಲ ಒಟ್ಟಾಗಿ ಗುಡುಗುತ್ತದೆ. ಮೊಜಾರ್ಟನ ೪೦ನೆಯ ಸಿಂಫನಿಯಲ್ಲಿ (೧೭೮೮) ಆತಂಕದ ರಾಗವೊಂದಕ್ಕೆ ಎದುರಾಗಿ ಪ್ರಶಾಂತವಾದ ಇನ್ನೊಂದು ರಾಗ ಬರುತ್ತದೆ. ಎರಡೂ ಹೊಸ ಷಡ್ಜಗಳಲ್ಲಿ ಅಲೆದಾಡಿ ಕೊನೆಗೆ ಮೂಲಷಡ್ಜಕ್ಕೆ ಮರಳುತ್ತವೆ.

ಕಹಳೆಗಳ ಕಡೆಗೆ ಗಮನವಿಟ್ಟರೆ ಇನ್ನೊಂದು ಗುರುತು ಸಿಗುತ್ತದೆ. ಎತ್ತರದಲ್ಲಿ ನುಡಿಸುವ ಹಳೆಯ ಕಲೆ ಮರೆಯಾಗಿದೆ. ಕವಾಟಗಳು ಇನ್ನೂ ಬಂದಿಲ್ಲ. ಆದ್ದರಿಂದ ಟ್ರಂಪೆಟ್ಟುಗಳು ನಗಾರಿಗಳೊಡನೆ ಸೇರಿ ಷಡ್ಜಪಂಚಮಗಳ ಒತ್ತು ಕೊಡುತ್ತವೆಯೇ ಹೊರತು ರಾಗವನ್ನು ಹಾಡುವುದು ಅಪರೂಪ.

೧೮೦೮ರ ಡಿಸೆಂಬರ್ ೨೨ರಂದು ವಿಯೆನ್ನಾದಲ್ಲಿ ಮೊದಲು ನುಡಿದ ಬೀಥೋವನ್ನನ ಐದನೆಯ ಸಿಂಫನಿಯು ಎರಡು ಯುಗಗಳ ಗಡಿಯಲ್ಲಿ ನಿಂತಿದೆ. ಮೂರು ಹ್ರಸ್ವ, ಒಂದು ದೀರ್ಘ: ಈ ನಾಲ್ಕೇ ಪೆಟ್ಟುಗಳ ಬೀಜದಿಂದ ಮೊದಲ ಭಾಗವೆಲ್ಲ ಬೆಳೆಯುತ್ತದೆ. ಮಿತವಾದ ಸಾಮಗ್ರಿ ಅಭಿಜಾತ ಯುಗದ್ದು. ಅದರ ಹಿಂದಿರುವ ಒತ್ತಡ ಮುಂದಿನ ಯುಗದ್ದು.

ಕವಾಟ ಬಂದ ಮೇಲೆ

೧೮೧೪ರಿಂದ ೧೮೧೮ರ ನಡುವೆ ಜರ್ಮನಿಯಲ್ಲಿ ಹಾರ್ನಿಗೆ ಕವಾಟಗಳನ್ನು ಅಳವಡಿಸುವ ಉಪಾಯ ರೂಪುಗೊಂಡಿತು. ಕವಾಟವನ್ನು ಒತ್ತಿದರೆ ಗಾಳಿಯ ದಾರಿಗೆ ಇನ್ನೊಂದು ತುಂಡು ಕೊಳವೆ ಸೇರಿ ಅದರ ಉದ್ದ ಬದಲಾಗುತ್ತದೆ. ಉದ್ದ ಬದಲಾದೊಡನೆ ಸ್ವರಶ್ರೇಣಿಯೇ ಬದಲಾಗುತ್ತದೆ. ಇಂತಹ ಕೆಲವು ಶ್ರೇಣಿಗಳು ಸೇರಿದರೆ ಹನ್ನೆರಡು ಸ್ವರಗಳೂ ಕೈಗೆ ಬರುತ್ತವೆ. ಹೀಗೆ ಹಿತ್ತಾಳೆಯ ವಾದ್ಯಗಳಿಗೆ ಯಾವ ಸ್ಥಾಯಿಯಲ್ಲಾದರೂ ರಾಗವನ್ನು ಹಾಡುವ ಸ್ವಾತಂತ್ರ್ಯ ದೊರೆಯಿತು. ಚೈಕೋವ್‌ಸ್ಕಿಯ ಐದನೆಯ ಸಿಂಫನಿಯ (೧೮೮೮) ಎರಡನೆಯ ಭಾಗದಲ್ಲಿ ಹಾರ್ನ್ ಹಾಡುವ ದೀರ್ಘವಾದ ಆರ್ದ್ರರಾಗವು ಹೈಡನ್ನನ ಕಾಲದಲ್ಲಿ ಊಹೆಗೆ ಮೀರಿದುದು.

ರಮ್ಯಯುಗದ ಉಳಿದ ಗುರುತುಗಳೂ ಇದೇ ದಿಕ್ಕಿನಲ್ಲಿವೆ. ಪಿಯಾನೋವಿಗೆ ಕಬ್ಬಿಣದ ಚೌಕಟ್ಟು ಬಂದು ತಂತಿಗಳನ್ನು ಹೆಚ್ಚು ಬಿಗಿಯಬಹುದಾಯಿತು. ನಾದದ ಬಲ ಹೆಚ್ಚಿತು. ಏರಿಳಿತದ ವ್ಯಾಪ್ತಿ ಎರಡು ಕಡೆಗೂ ಹಿಗ್ಗಿತು. ಚೈಕೋವ್‌ಸ್ಕಿಯ ಆರನೆಯ ಸಿಂಫನಿಯ (೧೮೯೩) ಮೊದಲ ಭಾಗದಲ್ಲಿ ನಾದವು ಕೇಳಿಯೂ ಕೇಳದಷ್ಟು ಕ್ಷೀಣವಾಗಿ, ಮರುಕ್ಷಣವೇ ಸಿಡಿಯುತ್ತದೆ. ಮಾಹ್ಲರನ ಎಂಟನೆಯ ಸಿಂಫನಿಯನ್ನು ೧೯೧೦ರಲ್ಲಿ ಮ್ಯೂನಿಕ್ಕಿನಲ್ಲಿ ಮೊದಲು ಪ್ರದರ್ಶಿಸಿದಾಗ ಗಾಯಕರೂ ವಾದಕರೂ ಸೇರಿ ಸುಮಾರು ಒಂದು ಸಾವಿರ ಮಂದಿ ಇದ್ದರು. ಷಡ್ಜದ ಸಂಚಾರವೂ ದೂರವಾಯಿತು. ವಾಗ್ನರನ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ಯಲ್ಲಿ (ಪ್ರಥಮ ಪ್ರದರ್ಶನ ೧೮೬೫) ಆರಂಭದ ಸ್ವರಮೇಳವು ಎದುರುನೋಡುವ ವಿಶ್ರಾಂತಿ ದೊರೆಯುವುದು ಗಂಟೆಗಟ್ಟಲೆಯ ನಾಟಕದ ಕೊನೆಯಲ್ಲಿ.

ಷಡ್ಜ ಮರೆಯಾದ ಶತಮಾನ

ಷಡ್ಜಕ್ಕೆ ಹಿಂದಿರುಗುವುದು ಇಷ್ಟು ತಡವಾದ ಮೇಲೆ, ಹಿಂದಿರುಗಲೇಬೇಕೇ ಎಂಬ ಪ್ರಶ್ನೆ ಏಳುವುದು ಸಹಜ. ಡೆಬ್ಯುಸಿಯ ‘ಫಾನ್’ ಕುರಿತ ಮುನ್ನುಡಿಯಲ್ಲಿ (೧೮೯೪) ಒಂಟಿ ಕೊಳಲು ಜಾರುತ್ತ ಇಳಿಯುವಾಗ ಷಡ್ಜ ಎಲ್ಲಿದೆಯೆಂಬುದು ಮಂಜಿನಲ್ಲಿ ಮುಸುಕಿದಂತಿದೆ. ಸ್ಟ್ರಾವಿನ್‌ಸ್ಕಿಯ ‘ವಸಂತದ ವಿಧಿ’ಯಲ್ಲಿ ಬಸೂನ್ ವಾದ್ಯವು ತನ್ನ ಸಹಜವಾದ ಮಂದ್ರವನ್ನು ಬಿಟ್ಟು ಅತಿ ಎತ್ತರದಲ್ಲಿ ಆರಂಭಿಸುತ್ತದೆ, ಬಳಿಕ ಒಂದೇ ಕರ್ಕಶ ಸ್ವರಮೇಳವು ಎಣಿಕೆಗೆ ಸಿಗದ ಒತ್ತುಗಳಲ್ಲಿ ಬಡಿಯುತ್ತದೆ. ೧೯೧೩ರ ಮೇ ೨೯ರಂದು ಪ್ಯಾರಿಸ್ಸಿನ ಸಭಿಕರು ಇದನ್ನು ಕೇಳಿ ಕೋಲಾಹಲವೆಬ್ಬಿಸಿದರು. ೧೯೨೩ರ ಹೊತ್ತಿಗೆ ಷೋನ್‌ಬರ್ಗ್ ಹನ್ನೆರಡು ಸ್ವರಗಳಿಗೂ ಸಮಾನ ಪದವಿ ಕೊಡುವ ಪದ್ಧತಿಯನ್ನು ರೂಪಿಸಿದನು. ಅಲ್ಲಿ ಷಡ್ಜವೆಂಬುದೇ ಇಲ್ಲ.

ಮೆಸ್ಸಿಯಾನನ ‘ತುರಂಗಲೀಲಾ’ ಸಿಂಫನಿಯು (ಪ್ರಥಮ ಪ್ರದರ್ಶನ ೧೯೪೯, ಬಾಸ್ಟನ್) ನಮ್ಮ ವಾಚಕರಿಗೆ ವಿಶೇಷವಾಗಿ ಆಸಕ್ತಿಕರ. ಹೆಸರು ಸಂಸ್ಕೃತದ್ದು. ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ೧೩ನೆಯ ಶತಮಾನದಲ್ಲಿ ‘ಸಂಗೀತರತ್ನಾಕರ’ದಲ್ಲಿ ಪಟ್ಟಿಮಾಡಿದ ನೂರಿಪ್ಪತ್ತು ದೇಶೀತಾಳಗಳನ್ನು ಮೆಸ್ಸಿಯಾನ್ ಆಳವಾಗಿ ಅಭ್ಯಾಸಮಾಡಿದ್ದನು. ಈ ಕೃತಿಯಲ್ಲಿ ಮಾನವಕಂಠದಂತೆ ಜಾರುತ್ತ ನುಡಿಯುವ ಒಂದು ವಿದ್ಯುದ್ವಾದ್ಯವಿದೆ. ಓಂದ್ ಮಾರ್ತೆನೋ ಎಂಬ ಈ ವಾದ್ಯವನ್ನು ಮೊದಲು ಪ್ರದರ್ಶಿಸಿದ್ದು ೧೯೨೮ರಲ್ಲಿ. ೧೯೫೬ರಲ್ಲಿ ಸ್ಟಾಕ್‌ಹೌಸೆನ್ ವಾದ್ಯಗಳನ್ನೇ ಬಿಟ್ಟು, ಬಾಲಕನೊಬ್ಬನ ಕಂಠವನ್ನೂ ವಿದ್ಯುದ್ಯಂತ್ರಗಳ ನಾದವನ್ನೂ ಧ್ವನಿಸುರುಳಿಯ ಮೇಲೆ ಬೆರೆಸಿ ಒಂದು ಕೃತಿಯನ್ನು ರಚಿಸಿದನು.

ಸಾಕ್ಷ್ಯದ ಪರೀಕ್ಷೆ

ಈ ಗುರುತುಗಳು ಎಷ್ಟು ನಂಬಲರ್ಹ? ಮೊದಲನೆಯದಾಗಿ, ಕೃತಿಯನ್ನೂ ಅದರ ವಾದನವನ್ನೂ ಬೇರ್ಪಡಿಸಬೇಕು. ಇಂದು ಬಾಖನ ಹಾರ್ಪ್ಸಿಕಾರ್ಡ್ ರಚನೆಗಳನ್ನು ಪಿಯಾನೋವಿನಲ್ಲಿಯೂ ನುಡಿಸುತ್ತಾರೆ. ಆಗ ಎರಡನೆಯ ಪ್ರಶ್ನೆ ನಮ್ಮನ್ನು ದಾರಿತಪ್ಪಿಸಿದರೂ, ಒಂದನ್ನೊಂದು ಬೆನ್ನಟ್ಟುವ ಸಮಾನ ಎಳೆಗಳು ಮೊದಲನೆಯ ಪ್ರಶ್ನೆಗೆ ಸತ್ಯವನ್ನು ನುಡಿಯುತ್ತವೆ. ಒಂದೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡಬಾರದು.

ಎರಡನೆಯದಾಗಿ, ವಂಚನೆಯ ಸಂಭವವುಂಟು. ಪ್ರಸಿದ್ಧ ಪಿಟೀಲುವಾದಕ ಫ್ರಿಟ್ಸ್ ಕ್ರೈಸ್ಲರ್ ಹಲವು ವರ್ಷಗಳ ಕಾಲ ಹಿಂದಿನವರ ಹೆಸರಿನಲ್ಲಿ ನುಡಿಸುತ್ತಿದ್ದ ಅನೇಕ ರಚನೆಗಳು ತನ್ನವೇ ಎಂದು ೧೯೩೫ರಲ್ಲಿ ಒಪ್ಪಿಕೊಂಡನು. ಬರೋಕ್ ಯುಗದ ಅಲ್ಬಿನೋನಿಯದೆಂದು ಲೋಕವೆಲ್ಲ ಕೇಳುವ ‘ಅಡಾಜಿಯೊ’ವನ್ನು ೧೯೫೮ರಲ್ಲಿ ಪ್ರಕಟಿಸಿದವನು ಇಟಲಿಯ ವಿದ್ವಾಂಸ ರೇಮೊ ಜ್ಯಾಜೊಟ್ಟೊ; ಅದು ಅವನದೇ ರಚನೆಯೆಂದು ಇಂದು ವಿದ್ವಾಂಸರು ಪರಿಗಣಿಸುತ್ತಾರೆ. ಮೂರನೆಯ ಪ್ರಶ್ನೆಯನ್ನು ಹಾಕಿ ಅದನ್ನು ಕೇಳಿರಿ. ಪಿಟೀಲುಗಳ ನಾದವು ಅಲೆಯಂತೆ ನಿಧಾನವಾಗಿ ಉಬ್ಬಿ ಶಿಖರವನ್ನು ಮುಟ್ಟಿ ಇಳಿಯುತ್ತದೆ. ಈ ಇಳಿಜಾರು ಬರೋಕ್ ಯುಗದ ಮೆಟ್ಟಿಲಲ್ಲ. ಹೊದಿಕೆಯ ಮೇಲಿನ ಹೆಸರನ್ನು ನಂಬಿದವರು ಮೋಸಹೋದ ಕಡೆಯಲ್ಲಿ ಕಿವಿ ಸಂದೇಹವನ್ನಾದರೂ ಎತ್ತಬಲ್ಲದು.

ಮೂರನೆಯದಾಗಿ, ವಂಚನೆಯ ಉದ್ದೇಶವಿಲ್ಲದೆಯೂ ರಚನಕಾರನು ಹಳೆಯ ಶೈಲಿಯಲ್ಲಿ ಬರೆಯಬಹುದು. ರಿಚರ್ಡ್ ಸ್ಟ್ರೌಸನ ‘ಕೊನೆಯ ನಾಲ್ಕು ಗೀತೆಗಳು’ ಇದಕ್ಕೆ ನಿದರ್ಶನ. ವಿಶಾಲವಾದ ವಾದ್ಯವೃಂದ, ದೀರ್ಘವಾಗಿ ಹಾಡುವ ಹಾರ್ನ್, ದೂರ ಹೋಗಿ ಮರಳುವ ಷಡ್ಜ, ಎಲ್ಲವೂ ೧೮೯೦ರ ಆಸುಪಾಸನ್ನು ಸೂಚಿಸುತ್ತವೆ. ಆದರೆ ಅವು ರಚಿತವಾದದ್ದು ೧೯೪೮ರಲ್ಲಿ, ಷೋನ್‌ಬರ್ಗನ ಪದ್ಧತಿ ಬಂದು ಇಪ್ಪತ್ತೈದು ವರ್ಷಗಳಾದ ಮೇಲೆ. ೧೯೫೦ರ ಮೇ ೨೨ರಂದು, ಸ್ಟ್ರೌಸ್ ತೀರಿಕೊಂಡ ಮರುವರ್ಷ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವನ್ನು ಮೊದಲು ಹಾಡಿದಳು. ಆ ಪ್ರಥಮ ಪ್ರದರ್ಶನಕ್ಕೆ ಧನಸಹಾಯ ಮಾಡಿದವರು ಮೈಸೂರಿನ ಮಹಾರಾಜರಾಗಿದ್ದ ಶ್ರೀ ಜಯಚಾಮರಾಜ ಒಡೆಯರವರು.

ಇದರಿಂದ ಒಂದು ನಿಯಮವನ್ನು ಹೇಳಬಹುದು. ಕೃತಿಯೊಂದಕ್ಕೆ ಅಗತ್ಯವಾದ ವಾದ್ಯವು ಅದರ ಕಾಲದ ಪೂರ್ವಸೀಮೆಯನ್ನು ಖಚಿತವಾಗಿ ತಿಳಿಸುತ್ತದೆ. ಕವಾಟದ ಹಾರ್ನಿಗಾಗಿಯೇ ಬರೆದ ಕೃತಿ ೧೮೧೪ಕ್ಕಿಂತ ಹಿಂದಿನದಾಗಿರಲಾರದು. ಓಂದ್ ಮಾರ್ತೆನೋ ಬೇಡುವ ಕೃತಿಗೆ ೧೯೨೮ರ ಆಸುಪಾಸೇ ಪೂರ್ವಸೀಮೆ. ಆದರೆ ಉತ್ತರಸೀಮೆಯನ್ನು ಯಾವ ವಾದ್ಯವೂ ಖಚಿತವಾಗಿ ಹೇಳಲಾರದು. ಅಲ್ಲಿ ಶೈಲಿಯಿಂದ ಸಂಭವನೀಯತೆಯನ್ನು ಮಾತ್ರ ಅಳೆಯಬಹುದು. ಮಣ್ಣಿನ ಪದರದಲ್ಲಿ ಸಿಕ್ಕಿದ ನಾಣ್ಯದಿಂದ ಕಾಲನಿರ್ಣಯ ಮಾಡುವವರೂ ಇದೇ ತರ್ಕವನ್ನು ಅನುಸರಿಸುತ್ತಾರೆ.

ಅಭ್ಯಾಸಕ್ಕೆ ದೊಡ್ಡ ಸಲಕರಣೆ ಬೇಡ. ಮೇಲೆ ಹೆಸರಿಸಿದ ಕೃತಿಗಳನ್ನೆಲ್ಲ ಇಂದು ಮೊಬೈಲ್ ಫೋನಿನಲ್ಲಿಯೇ ಹುಡುಕಿ ಕೇಳಬಹುದು. ಮೊದಲು ಪೆರೋಟಿನ್, ಪ್ಯಾಲೆಸ್ಟ್ರೀನಾ, ಬಾಖ್, ಹೈಡನ್, ಚೈಕೋವ್‌ಸ್ಕಿ, ಸ್ಟ್ರಾವಿನ್‌ಸ್ಕಿ ಎಂಬ ಕ್ರಮದಲ್ಲಿ ಒಬ್ಬೊಬ್ಬರ ಐದು ನಿಮಿಷಗಳನ್ನು ಕೇಳಿರಿ. ನಾಲ್ಕು ಪ್ರಶ್ನೆಗಳ ಉತ್ತರವನ್ನು ಪ್ರಯೋಗದ ಪುಸ್ತಕದಲ್ಲಿ ಬರೆಯುವಂತೆ ಬರೆದಿಡಿರಿ. ವಾರ ಕಳೆದ ಮೇಲೆ ಸ್ನೇಹಿತರೊಬ್ಬರು ಬೇರೆ ಕೃತಿಯೊಂದನ್ನು ಹೆಸರು ಹೇಳದೆ ಕೇಳಿಸಲಿ. ನಿಮ್ಮ ತೀರ್ಮಾನವನ್ನೂ ಅದಕ್ಕೆ ಆಧಾರವಾದ ಕಾರಣಗಳನ್ನೂ ಮೊದಲು ಬರೆದು, ಆಮೇಲೆ ಹೆಸರನ್ನು ಕೇಳಿರಿ. ತೀರ್ಮಾನ ಸರಿಯಾದರೆ ಸಂತೋಷ. ತಪ್ಪಾದರೆ, ನಾಲ್ಕು ಸಾಕ್ಷಿಗಳಲ್ಲಿ ಯಾವುದರ ಮಾತನ್ನು ಕೇಳದೆ ಬಿಟ್ಟಿರೆಂಬುದನ್ನು ಕೃತಿಯನ್ನು ಮತ್ತೊಮ್ಮೆ ಕೇಳಿ ಕಂಡುಕೊಳ್ಳಿರಿ.